ಪೆಟ್ಟು ಕೊಳ್ಳಬಹುದು, ನಡೆ ಕಲಿಯಬೇಕು

(ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರ ಮಾತುಕತೆ. ಅಕ್ಕ ಮೈಸೂರಿನವರು, ಮೃದಂಗ ಕಲಿತವರು, ಖೋಬರ್‌ನಲ್ಲಿ ಮಕ್ಕಳಿಗೆ ಹಾಡು, ತಾಳ ಹೇಳಿಕೊಡುತ್ತಾರೆ. ತಮ್ಮ ಕುಂದಾಪುರದ ಕಡೆಯವನು, ಜುಬೈಲ್‌ನಲ್ಲಿ ಎಂಜಿನಿಯರ್, ಬಿಡುವಿನಲ್ಲಿ ಮನೆಯಲ್ಲೇ ಹಾಡು ಧ್ವನಿಮುದ್ರಿಸುತ್ತಾನೆ.)

ತಮ್ಮ: ಅಕ್ಕಾ, ರಾಜ್ಯೋತ್ಸವಕ್ಕೆ ಮಾಡಿದ ಹಾಡು ಕೇಳಿದ್ರಲ್ಲ, ಹೇಗುಂಟು? ಮೃದಂಗ, ಘಟ, ಕೊನೇ ಚರಣಕ್ಕೆ ಇಲ್ಲಿಯ ದಫ್, ಡೋಲು, ಎಲ್ಲ ಕಂಪ್ಯೂಟರಿನದ್ದೇ. ಮೈಕು ಹಾಕಿದ್ದು ಹಾಡುವವರಿಗೆ ಮಾತ್ರ.

ಅಕ್ಕ: ಹಾಡು ಚೆನ್ನಾಗಿದೆ. ಮೃದಂಗದ ನಾದವೂ ಚೆನ್ನಾಗಿದೆ. ಯಾರೋ ಒಳ್ಳೇ ವಾದ್ಯವನ್ನ ಒಳ್ಳೇ ಕೋಣೆಯಲ್ಲಿಟ್ಟು ಶ್ರದ್ಧೆಯಿಂದ ರೆಕಾರ್ಡ್ ಮಾಡಿದಾರೆ. ಆದರೆ ಹಾಡೋವಳು ಪಲ್ಲವಿಗೆ ವಾಪಸ್ ಬರುವಾಗ ಮೃದಂಗದವನು ಅವಳನ್ನ ಕೇಳಿಸ್ಕೊಂಡ ಅಂತ ಅನಿಸಲಿಲ್ಲ. ಅವಳು ಹಾಡಿದಳು, ಅವನು ಬಾರಿಸಿದ, ಇಬ್ಬರೂ ಬೇರೆ ಬೇರೆ ಊರಲ್ಲಿದ್ದ ಹಾಗಿತ್ತು.

ತಮ್ಮ: ಬೇರೆ ಊರೇ ಅಲ್ವಾ ಮತ್ತೆ! ಜುಬೈಲ್‌ನಲ್ಲಿ ನನಗೆ ಮೃದಂಗದವರು ಎಲ್ಲಿ ಸಿಗ್ತಾರೆ? ಸಿಕ್ಕಿದರೂ ನನ್ನ ಫ್ಲ್ಯಾಟಿನಲ್ಲಿ ರಾತ್ರಿ ಹತ್ತು ಗಂಟೆಗೆ ಬಾರಿಸಲಿಕ್ಕೆ ಆಗ್ತದಾ? ಪಕ್ಕದ ಮನೆಯ ಮಗುವಿಗೆ ಎಚ್ಚರ ಆಗ್ತದೆ. ನಮ್ಮಂಥವರಿಗೆ ಈ ಸಾಫ್ಟ್‌ವೇರು ಇಲ್ಲದಿದ್ದರೆ ತಾಳವಾದ್ಯವೇ ಇಲ್ಲ.

ಅಕ್ಕ: ಅದನ್ನ ಒಪ್ತೀನಿ. ನನ್ನ ಮೃದಂಗಕ್ಕೇ ಇಲ್ಲಿ ಕಷ್ಟ. ಆಗಸ್ಟಿನಲ್ಲಿ ಖೋಬರ್‌ನ ಕಡಲಗಾಳಿಗೆ ಮುಚ್ಚಿಗೆ ಸಡಿಲವಾಗಿ ಶ್ರುತಿ ಇಳಿಯುತ್ತೆ. ಅದನ್ನೇ ರಿಯಾದ್‌ಗೆ ಒಯ್ದರೆ ಒಣಹವೆಗೆ ಚರ್ಮ ಬಿಗಿದು ಶ್ರುತಿ ಏರುತ್ತೆ. ಮುಚ್ಚಿಗೆ ಹರಿದರೆ ಹೊಸದು ಹಾಕೋರು, ಕರಣೆ ಕಟ್ಟೋರು ಇಲ್ಲಿಲ್ಲ, ಊರಿಗೇ ಹೋಗಬೇಕು. ಕಂಪ್ಯೂಟರಿನ ಮೃದಂಗಕ್ಕೆ ಹವೆಯ ಕಾಟವಿಲ್ಲ. ಹಾಗಾಗಿ ಅದನ್ನ ಬಳಸಬೇಡ ಅಂತ ನಾನು ಹೇಳೋದಿಲ್ಲ. ಮೃದಂಗ ಬಾರಿಸೋಕೆ ಕೂತಷ್ಟೇ ಗೌರವದಿಂದ ಅದರ ಮುಂದೆ ಕೂತ್ಕೋ ಅಂತೀನಿ.

ತಮ್ಮ: ಗೌರವ ಉಂಟು. ಆದರೆ ಹಣ ಕೊಟ್ಟು ತೆಗೆದುಕೊಂಡ ಸ್ಯಾಂಪಲ್ ಲೈಬ್ರರಿಯಲ್ಲೂ, ಅಂದರೆ ಮುದ್ರಿಸಿಟ್ಟ ಪೆಟ್ಟುಗಳ ಸಂಗ್ರಹದಲ್ಲೂ, ಎಡವಟ್ಟು ಎಲ್ಲಿ ಅಂತ ಗೊತ್ತಾಗ್ಲಿಲ್ಲ. ಕಾಂಟ್ಯಾಕ್ಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಇಂಡಿಯಾ, ಮಿಡಲ್ ಈಸ್ಟ್ ಅಂತ ಬೇರೆ ಬೇರೆ ಸಂಗ್ರಹಗಳುಂಟು. ಸ್ವಿಟ್ಜರ್ಲೆಂಡಿನ ಸ್ವರ್ ಸಿಸ್ಟಮ್ಸ್‌ನವರ ಸ್ವರ್‌ಪ್ಲಗ್‌ನಲ್ಲಿ ತಬಲ, ಮೃದಂಗ, ಢೋಲಕ್ ಎಲ್ಲ ಸಿಗ್ತದೆ. ಒಂದೊಂದು ಪೆಟ್ಟೂ ಅಸಲಿ.

ಅಕ್ಕ: ಒಂದು ಪೆಟ್ಟು ಅಸಲಿಯಾಗಿರಬಹುದು. ಎರಡನೇ ಪೆಟ್ಟು ಬಿದ್ದ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತೆ: ಮೊದಲನೇದಕ್ಕೂ ಎರಡನೇದಕ್ಕೂ ಸಂಬಂಧ ಏನು? ಲಯ ಇರೋದು ಆ ಸಂಬಂಧದಲ್ಲಿ. ಪೆಟ್ಟನ್ನ ಯಾವ ಕಂಪನಿ ಬೇಕಾದರೂ ಮಾರಬಹುದು. ನಡೆಯನ್ನ ನೀನೇ ಕಲೀಬೇಕು.

ತಮ್ಮ: ಹಾಗಾದರೆ ಪೆಟ್ಟಿನಿಂದಲೇ ಶುರು ಮಾಡುವ. ಮೃದಂಗದ ನಾದವನ್ನ ಯಂತ್ರಕ್ಕೆ ಇಳಿಸೋದು ಇಷ್ಟು ಕಷ್ಟ ಯಾಕೆ? ಪಾಶ್ಚಾತ್ಯ ಡ್ರಮ್ಮು ಬೇಗ ಕೂತುಬಿಡ್ತದೆ.

ಅಕ್ಕ: ಅದಕ್ಕೆ ಉತ್ತರ ಸಿ.ವಿ. ರಾಮನ್ ಬರೆದಿಟ್ಟಿದಾರೆ. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬಂತು. ಆಮೇಲೆ 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರಲ್ಲ, ಮರುವರ್ಷ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಭಾರತದ ಚರ್ಮವಾದ್ಯಗಳ ಮೇಲೆ ವಿವರವಾಗಿ ಬರೆದರು. ಒಂದೇ ದಪ್ಪದ ಸಾದಾ ಚರ್ಮ ಬಿಗಿದು ಹೊಡೆದರೆ ಮೂಲಸ್ವರದ ಮೇಲೆ ಏಳೋ ಉಪಸ್ವರಗಳು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಇರ್ತವೆ. ಅದಕ್ಕೇ ಅದು ಸದ್ದಾಗಿ ಕೇಳುತ್ತೆ, ಸ್ವರವಾಗಿ ಕೇಳೋದಿಲ್ಲ. ಮೃದಂಗದ ಬಲಮುಚ್ಚಿಗೆಯ ನಡುವೆ ಪದರ ಪದರವಾಗಿ ಕರಣೆ ಹಾಕಿ ಉಜ್ಜಿದಾಗ ಆ ಉಪಸ್ವರಗಳು 1, 2, 3, 4, 5ರ ಲೆಕ್ಕಕ್ಕೆ ಬಂದು ಕೂರ್ತವೆ. ತಂತಿಯಲ್ಲಿ ಇರೋ ಹಾಗೆ. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಯಾವ ಪೆಟ್ಟಿಗೆ ಯಾವ ಗೆರೆ ಮೂಡುತ್ತೆ ಅಂತ ಕಣ್ಣಿಗೆ ಕಾಣಿಸಿಕೊಟ್ಟರು.

ತಮ್ಮ: ಅಂದರೆ ಮೃದಂಗ ಹಾಡಿನ ಶ್ರುತಿಯಲ್ಲೇ ಮಾತಾಡ್ತದೆ.

ಅಕ್ಕ: ಅಲ್ಲೇ ನಿನ್ನ ಮೊದಲನೇ ತೊಂದರೆ. ನಿನ್ನ ಹಾಡುಗಾರ್ತಿ ಐದು ಮನೆ ಶ್ರುತಿ. ನೀನು ಹಾಕಿದ ಮೃದಂಗ ಗಂಡಸರ ಶ್ರುತಿಗೆ ಕಟ್ಟಿದ್ದು. ಅದನ್ನ ಸಾಫ್ಟ್‌ವೇರಿನಲ್ಲಿ ಏರಿಸಿದ್ದೀಯಾ, ಅಲ್ವಾ?

ತಮ್ಮ: ಆರೇಳು ಸೆಮಿಟೋನು ಏರಿಸಿದ್ದೇನೆ.

ಅಕ್ಕ: ಅಷ್ಟು ಏರಿಸಿದರೆ ಮರದ ಕಳಸಿಗೆಯೂ ಕುಗ್ಗಿದ ಹಾಗೆ ಕೇಳುತ್ತೆ. ಶ್ರುತಿ ಎತ್ತರವಾದಾಗ ಮೃದಂಗದವರು ಅದೇ ವಾದ್ಯವನ್ನ ಹಿಂಡಿ ಏರಿಸೋದಿಲ್ಲ, ಚಿಕ್ಕ ಮೃದಂಗ ತಗೊಳ್ತಾರೆ. ಒಂದೋ ಎರಡೋ ಸೆಮಿಟೋನು ಆಚೀಚೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ಬೇರೆ ಶ್ರುತಿಯ ಮೃದಂಗದ ಸ್ಯಾಂಪಲ್ಲೇ ಹುಡುಕು. ಇದು ಮೊದಲ ಪಾಠ: ಹಾಡಿನ ಶ್ರುತಿ ಗೊತ್ತಾದ ಮೇಲೆ ವಾದ್ಯ ಆರಿಸು.

ತಮ್ಮ: ಸರಿ. ಇನ್ನೊಂದು ಕೇಳ್ತೇನೆ. ‘ತಕಧಿಮಿ’ ಬೇಗ ಬರುವ ಕಡೆ ಮೆಷಿನ್ ಗನ್ ಹೊಡೆದ ಹಾಗೆ ಆಗ್ತದೆ. ರೌಂಡ್ ರಾಬಿನ್ ಹಾಕಿದರೂ ಪೂರ್ತಿ ಹೋಗುವುದಿಲ್ಲ.

ಅಕ್ಕ: ರೌಂಡ್ ರಾಬಿನ್ ಅಂದರೆ ಒಂದೇ ಪೆಟ್ಟನ್ನ ನಾಲ್ಕೈದು ಸಲ ಮುದ್ರಿಸಿಟ್ಟು ಸರದಿ ಪ್ರಕಾರ ನುಡಿಸೋದು ತಾನೇ?

ತಮ್ಮ: ಹೌದು. ಅದರ ಜೊತೆ ವೆಲಾಸಿಟಿ ಪದರಗಳು ಬೇರೆ. ಪೆಟ್ಟನ್ನ ಕಂಪ್ಯೂಟರಿಗೆ ತಿಳಿಸುವ ಮಿಡಿ ಭಾಷೆ ಬಂದದ್ದು 1983ರಲ್ಲಿ. ಪೆಟ್ಟಿನ ಬಲಕ್ಕೆ ಅದರಲ್ಲಿ 1ರಿಂದ 127ರವರೆಗೆ ಅಂಕೆ. ಮೆಲ್ಲನೆಯ ಪೆಟ್ಟಿಗೆ ಒಂದು ಸ್ಯಾಂಪಲ್, ಜೋರಿನದ್ದಕ್ಕೆ ಬೇರೆ. ನಾನು ಎಲ್ಲವನ್ನೂ 100ರ ಆಸುಪಾಸಿನಲ್ಲಿ ಇಟ್ಟು ಹ್ಯೂಮನೈಸ್ ಬಟನ್ ಒತ್ತಿದೆ. ಅದು ಬಲವನ್ನೂ ಸಮಯವನ್ನೂ ಸ್ವಲ್ಪ ಸ್ವಲ್ಪ ಏರುಪೇರು ಮಾಡ್ತದೆ.

ಅಕ್ಕ: ಆ ಏರುಪೇರು ಕಣ್ಣುಮುಚ್ಚಿ ಮಾಡಿದ್ದು. ಕೈಯ ಏರುಪೇರಿಗೆ ಕಾರಣ ಇರುತ್ತೆ. ‘ತಕಧಿಮಿ’ಯಲ್ಲಿ ನಾಲ್ಕು ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಬಾಯಲ್ಲಿ ಹೇಳು ನೋಡೋಣ.

ತಮ್ಮ: ತ ಕ ಧಿ ಮಿ. ತ ಕ ಧಿ ಮಿ. ನಾಲಿಗೆಯೇ ಒಪ್ಪುವುದಿಲ್ಲ ಅಕ್ಕಾ. ‘ತ’ ಭಾರ ಆಗ್ತದೆ, ‘ಕ’ ಒಳಗೆ ಹೋಗ್ತದೆ.

ಅಕ್ಕ: ನಾಲಿಗೆಗೆ ಗೊತ್ತಿರೋದನ್ನ ಮೌಸಿಗೆ ಹೇಳಿಕೊಡು. ನಮ್ಮಲ್ಲಿ ಕೊನ್ನಕೋಲು, ನಿಮ್ಮ ಯಕ್ಷಗಾನದಲ್ಲಿ ಬಾಯಿತಾಳ. ಎರಡೂ ಕೈಗಿಂತ ಮೊದಲು ಲಯವನ್ನ ಬಾಯಲ್ಲಿ ನಿಲ್ಲಿಸೋ ಕ್ರಮ. ಮೊದಲು ಇಡೀ ಚರಣವನ್ನ ಬಾಯಲ್ಲಿ ಹೇಳಿ ಮೊಬೈಲಿನಲ್ಲಿ ಮುದ್ರಿಸಿಕೋ. ಅದನ್ನ ಒಂದು ಟ್ರ್ಯಾಕಿನಲ್ಲಿ ಹಾಕಿ ಅದರ ಕೆಳಗೆ ಪೆಟ್ಟುಗಳನ್ನ ಜೋಡಿಸು. ಎಲ್ಲಿ ನಿನ್ನ ಧ್ವನಿ ಇಳಿದಿದೆಯೋ ಅಲ್ಲಿ 45, ಏರಿದ ಕಡೆ 110. ಸಮಕ್ಕೆ ಬರೋ ಮೊದಲು ಉಸಿರು ಎಲ್ಲಿ ತಗೊಂಡೆಯೋ ಅಲ್ಲಿ ಮೃದಂಗಕ್ಕೂ ಬಿಡುವು ಕೊಡು.

ತಮ್ಮ: ಗ್ರಿಡ್ಡಿನ ವಿಷಯ? ನಾನು ಪೆಟ್ಟುಗಳನ್ನ ಗ್ರಿಡ್ಡಿನ ಗೆರೆಗೆ ಎಳೆದು ಕ್ವಾಂಟೈಸ್ ಮಾಡ್ತೇನೆ, ಇಲ್ಲದಿದ್ದರೆ ಕೀಬೋರ್ಡಿನಲ್ಲಿ ಬಾರಿಸಿದ್ದು ಆಚೆ ಈಚೆ ಆಗ್ತದೆ.

ಅಕ್ಕ: ಲೆಕ್ಕ ಹಾಕೋಣ. ನಿಮಿಷಕ್ಕೆ 80 ಎಣಿಕೆ ಅಂದರೆ ಒಂದು ಎಣಿಕೆಗೆ 750 ಮಿಲಿಸೆಕೆಂಡು. ಚತುರಶ್ರದಲ್ಲಿ ನಾಲ್ಕು ಪಾಲು ಮಾಡಿದರೆ 187.5, ತಿಶ್ರದಲ್ಲಿ 250, ಖಂಡದಲ್ಲಿ 150. ನಿನ್ನ ಸಾಫ್ಟ್‌ವೇರು ತಾನಾಗಿ ತೋರಿಸೋದು ನಾಲ್ಕರ ಪಾಲನ್ನ. ಖಂಡನಡೆಯ ‘ತಕತಕಿಟ’ವನ್ನ ಆ ಗೆರೆಗಳಿಗೆ ಎಳೆದು ಕೂರಿಸಿದೆ ಅಂತಿಟ್ಕೋ, ಐದರ ನಡೆ ಹೋಗಿ ನಾಲ್ಕರ ಕುಂಟುನಡೆ ಆಗುತ್ತೆ. ಎರಡನೇ ಚರಣದಲ್ಲಿ ಆಗಿರೋದು ಅದೇ.

ತಮ್ಮ: ಅಲ್ಲಿ ಏನೋ ಎಡವಿದ ಹಾಗೆ ನನಗೂ ಕೇಳಿಸ್ತಿತ್ತು. ಗ್ರಿಡ್ಡನ್ನು ಐದಕ್ಕೆ ಬದಲಾಯಿಸಲಿಕ್ಕೆ ಬರ್ತದೆ. ಕ್ವಾಂಟೈಸಿನ ಬಲವನ್ನೂ ನೂರರಿಂದ ಐವತ್ತಕ್ಕೆ ಇಳಿಸಬಹುದು. ಆಗ ಕೈತಪ್ಪಿದ್ದು ಅರ್ಧ ತಿದ್ದಿ, ಕೈಯ ಗುರುತು ಅರ್ಧ ಉಳೀತದೆ.

ಅಕ್ಕ: ಅದು ಒಳ್ಳೇ ದಾರಿ. ಮುಕ್ತಾಯದಲ್ಲಿ ಮಾತ್ರ ಯಂತ್ರದ ಕೈಗೆ ಕೊಡಬೇಡ. ಮೂರು ಸಲ ಬರೋ ಸೊಲ್ಲು ಸಮದ ಕಡೆಗೆ ಒತ್ತಿಕೊಂಡು ಬರುತ್ತೆ, ಮೂರನೇದು ಮೊದಲನೇದಕ್ಕಿಂತ ಗಟ್ಟಿ. ಅದನ್ನ ಒಂದೊಂದಾಗಿ ಕೈಯಿಂದಲೇ ಬರಿ. ಮತ್ತೆ, ನೀನು ಪ್ಯಾಡಿನಲ್ಲಿ ಬಾರಿಸುವಾಗ ಸದ್ದು ತಡವಾಗಿ ಬರುತ್ತಾ?

ತಮ್ಮ: ಬಫರ್ 1024 ಸ್ಯಾಂಪಲ್ ಇಟ್ಟಿದ್ದೆ. 48 ಸಾವಿರದ ದರದಲ್ಲಿ ಅದು 21 ಮಿಲಿಸೆಕೆಂಡು. ಆಮೇಲೆ 128ಕ್ಕೆ ಇಳಿಸಿದೆ, ಮೂರಕ್ಕಿಂತ ಕಮ್ಮಿ ಆಯ್ತು. ಬಾರಿಸುವಾಗ ಕಮ್ಮಿ ಬಫರು, ಮಿಕ್ಸಿಂಗ್ ಹೊತ್ತಿಗೆ ಜಾಸ್ತಿ ಬಫರು.

ಅಕ್ಕ: ಹಾಗೇ ಮಾಡು. ತಡವಾಗಿ ಕೇಳೋ ವಾದ್ಯದ ಮೇಲೆ ಕೈ ಕೂರೋದಿಲ್ಲ. ಈಗ ಎಡಗೈ ವಿಷಯ. ನಿನ್ನ ಮೃದಂಗಕ್ಕೆ ತೊಪ್ಪಿಯೇ, ಅಂದರೆ ಎಡಮುಚ್ಚಿಗೆಯ ನಾದವೇ, ಇಲ್ಲ.

ತಮ್ಮ: ಉಂಟಲ್ಲ! ಪ್ರತಿ ಎಣಿಕೆಗೆ ‘ತೊಂ’ ಹಾಕಿದ್ದೇನೆ.

ಅಕ್ಕ: ‘ತೊಂ’ ಇದೆ, ಗುಮ್ಕಿ ಇಲ್ಲ. ಎಡಮುಚ್ಚಿಗೆಗೆ ರವೆ ಕಲಸಿ ಹಚ್ತೀವಿ, ಮಂದ್ರದ ಗುಂಗು ಬರಲಿ ಅಂತ. ಹೊಡೆದ ಮೇಲೆ ಅಂಗೈಯನ್ನ ಒತ್ತಿ ಸರಿಸಿದರೆ ಆ ನಾದ ಕೆಳಗಿಂದ ಮೇಲಕ್ಕೆ ಏರುತ್ತೆ. ತಬಲದವರೂ ಎಡಗೈಯ ‘ಬಾಯಾ’ ಮೇಲೆ ಇದನ್ನ ಮಾಡ್ತಾರೆ. ಮೃದಂಗ ಹಾಡಿನ ಜೊತೆ ಉಸಿರಾಡೋದು ಅಲ್ಲಿ. ಸ್ಯಾಂಪಲ್ಲಿನಲ್ಲಿ ಒಂದೇ ಗುಮ್ಕಿ ಮುದ್ರಿಸಿಟ್ಟಿದ್ದರೆ ಪ್ರತಿ ಸಲವೂ ಅಷ್ಟೇ ಎತ್ತರಕ್ಕೆ, ಅಷ್ಟೇ ವೇಗದಲ್ಲಿ ಏರುತ್ತೆ.

ತಮ್ಮ: ಪಿಚ್ ಬೆಂಡ್ ಚಕ್ರದಿಂದ ಮಾಡಬಹುದು. ಮಿಡಿಯಲ್ಲಿ ಅದಕ್ಕೆ 16,384 ಮೆಟ್ಟಿಲುಂಟು, ಬೇಕಾದಷ್ಟು ನಯವಾಗಿ ಸರೀತದೆ. ಆದರೆ ಎಡ, ಬಲ ಒಂದೇ ಚಾನೆಲ್ಲಿನಲ್ಲಿದ್ದರೆ ಬಲಮುಚ್ಚಿಗೆಯೂ ಜೊತೆಗೆ ಏರಿಬಿಡ್ತದೆ.

ಅಕ್ಕ: ಹಾಗಾದರೆ ಎರಡು ಟ್ರ್ಯಾಕು ಮಾಡು. ಒಂದರಲ್ಲಿ ಬಲ, ಇನ್ನೊಂದರಲ್ಲಿ ಎಡ. ಬಾರಿಸೋರಿಗೂ ಎರಡು ಕೈ ತಾನೇ? ಬಲಗೈಯದನ್ನ ಮೊದಲು ಪೂರ್ತಿ ಹಾಕು, ಆಮೇಲೆ ಹಾಡನ್ನ ಕೇಳ್ತಾ ಎಡಗೈಯನ್ನ ಚಕ್ರ ತಿರುಗಿಸಿ ನುಡಿಸು. ಸ್ವರ ಎಲ್ಲಿ ಜಾರುತ್ತೋ ಅಲ್ಲಿ ನೀನೂ ಜಾರು. ಆಗ ಹಾಡುಗಾರ್ತಿಯನ್ನ ಕೇಳಿಸ್ಕೊಂಡ ಹಾಗೆ ಆಗುತ್ತೆ.

ತಮ್ಮ: ಒಂದು ಸಂಗತಿ ಗಮನಿಸಿದ್ದೇನೆ. ಹೆಡ್‌ಫೋನಿನಲ್ಲಿ ತೊಪ್ಪಿ ಚೆಂದ ಕೇಳ್ತದೆ, ಮೊಬೈಲಿನಲ್ಲಿ ಮಾಯ. ನಮ್ಮ ಹಾಡು ಕೇಳುವವರೆಲ್ಲ ವಾಟ್ಸಾಪಿನಲ್ಲಿ, ಮೊಬೈಲಿನಲ್ಲೇ ಕೇಳುವುದು.

ಅಕ್ಕ: ಅದಕ್ಕೆ ನೀವು ಎಂಜಿನಿಯರುಗಳು ಏನು ಮಾಡ್ತೀರಿ?

ತಮ್ಮ: ಮೊಬೈಲಿನ ಸಣ್ಣ ಸ್ಪೀಕರು ಆಳದ ಸ್ವರವನ್ನ ಎತ್ತುವುದಿಲ್ಲ. ಆದರೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಉಪಸ್ವರಗಳನ್ನ ಎತ್ತಿದರೆ ಕಿವಿ ಕೆಳಗಿನದ್ದನ್ನ ತಾನೇ ಊಹಿಸಿ ಕೇಳಿಸ್ಕೊಳ್ತದೆ. ಹಾಗಾಗಿ ತೊಪ್ಪಿಯ ಟ್ರ್ಯಾಕಿಗೆ ಮಾತ್ರ ತುಸು ಸ್ಯಾಚುರೇಶನ್ ಕೊಟ್ಟು ಆ ಉಪಸ್ವರಗಳನ್ನ ಎಬ್ಬಿಸ್ತೇನೆ. ರಾಮನ್ ಹೇಳಿದ ಸರಣಿ ಇಲ್ಲೂ ಕೆಲಸಕ್ಕೆ ಬಂತು ನೋಡಿ.

ಅಕ್ಕ: ಬಂತು. ವಾದ್ಯದ ನಾದವನ್ನ ಯಂತ್ರಕ್ಕೆ ಇಳಿಸೋ ವಿದ್ಯೆ ಬೆಂಗಳೂರಿನಲ್ಲೇ ಮುಂದುವರಿದದ್ದೂ ಇದೆ. ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ‘ತಾಲಮಾಲಾ’ ಅನ್ನೋ ಎಲೆಕ್ಟ್ರಾನಿಕ್ ತಬಲ ತಂದರು. ಅವರು ಸ್ವತಃ ಕೊಳಲು ನುಡಿಸೋರು. ಮನೇಲಿ ಒಬ್ಬರೇ ಅಭ್ಯಾಸ ಮಾಡೋ ವಿದ್ಯಾರ್ಥಿಗೆ ಏನು ಬೇಕು ಅಂತ ಸಂಗೀತ ಬಲ್ಲವರಿಗೇ ಗೊತ್ತಾಗೋದು. ನಮ್ಮ ವಾದ್ಯಕ್ಕೂ ಯಂತ್ರಕ್ಕೂ ವೈರ ಏನಿಲ್ಲ.

ತಮ್ಮ: ಈಗ ಕೊನೇ ಚರಣಕ್ಕೆ ಬನ್ನಿ. ನಾವಿರುವ ನೆಲದ ಲಯವೂ ಹಾಡಿನಲ್ಲಿ ಇರಲಿ ಅಂತ ಅರ್ದಾದ ಡೋಲು ಹಾಕಿದೆ. ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನಕ್ಕೆ, ಫೆಬ್ರವರಿ 22ರ ಸಂಸ್ಥಾಪನಾ ದಿನಕ್ಕೆ ಎಲ್ಲ ಕಡೆ ಅರ್ದಾ ಕಾಣ್ತೇವೆ. ಖಡ್ಗ ಹಿಡಿದು ಎರಡು ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ತಾರೆ, ಪದ್ಯ ಹೇಳ್ತಾರೆ, ಡೋಲು ಬಾರಿಸ್ತಾರೆ. ನಜ್ದ್ ಪ್ರದೇಶದ ಈ ಕಲೆ 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು.

ಅಕ್ಕ: ಅಲ್ಲಿ ಎಷ್ಟು ಬಗೆ ಡೋಲು ಅಂತ ನೋಡಿದ್ದೀಯಾ?

ತಮ್ಮ: ನನ್ನ ಜೊತೆ ಕೆಲಸ ಮಾಡುವ ಸೌದಿ ಗೆಳೆಯ ವಿವರಿಸಿದ. ದೊಡ್ಡ ಡೋಲುಗಳು ಬುನಾದಿ ಹಾಕ್ತವೆ, ಅದಕ್ಕೆ ತಖ್ಮೀರ್ ಅಂತಾರೆ. ಆ ಪೆಟ್ಟುಗಳ ಸಂದಿಯಲ್ಲಿ ಇನ್ನೊಂದು ಗುಂಪು ಹೆಣೀತದೆ, ಅದು ತಥ್ಲೀಥ್. ಎರಡೂ ಬೇರೆ ಬೇರೆ ಕೇಳಿದರೆ ಏನೂ ಅನಿಸುವುದಿಲ್ಲ, ಕೂಡಿದಾಗಲೇ ಅರ್ದಾ. ನಾನು ಒಂದು ಲೂಪ್ ತಂದು, ಗುಂಪು ಅನಿಸಲಿ ಅಂತ ಅದನ್ನೇ ನಾಲ್ಕು ಟ್ರ್ಯಾಕಿಗೆ ನಕಲು ಹಾಕಿದ್ದೇನೆ.

ಅಕ್ಕ: ನಕಲು ಹಾಕಿದರೆ ಗುಂಪಾಗುತ್ತಾ?

ತಮ್ಮ: ಇಲ್ಲ. ಒಂದೇ ಸದ್ದಿನ ಎರಡು ಪ್ರತಿ ಕೂಡಿದರೆ 6 ಡೆಸಿಬೆಲ್ ಜೋರಾಗ್ತದೆ ಅಷ್ಟೇ. ಒಬ್ಬನೇ ಜೋರಾಗಿ ಹೊಡೆದ ಹಾಗೆ.

ಅಕ್ಕ: ಗುಂಪು ಆಗಬೇಕಾದರೆ ಪ್ರತಿಯೊಬ್ಬನಿಗೂ ಅವನದೇ ಡೋಲು, ಅವನದೇ ಕೈ ಬೇಕು. ಬೇರೆ ಬೇರೆ ಸ್ಯಾಂಪಲ್ಲು, ಶ್ರುತಿಯಲ್ಲಿ ಕೂದಲೆಳೆ ವ್ಯತ್ಯಾಸ, ಸಮಯದಲ್ಲಿ ಹತ್ತು ಹದಿನೈದು ಮಿಲಿಸೆಕೆಂಡಿನ ಅಂತರ, ಒಬ್ಬ ಎಡಕ್ಕೆ ಇನ್ನೊಬ್ಬ ಬಲಕ್ಕೆ. ಕೊಲ್ಲಿಯ ಸೌತ್ ಗಾಯನದಲ್ಲಿ ಕೈಚಪ್ಪಾಳೆ ಕೇಳಿದ್ದೀಯಲ್ಲ? ಒಂದು ಗುಂಪಿನ ಚಪ್ಪಾಳೆಯ ಸಂದಿಗೆ ಇನ್ನೊಂದು ಗುಂಪಿನದು ಬೀಳುತ್ತೆ, ಪುಟ್ಟ ಮಿರ್ವಾಸ್ ಡೋಲು ನಡುವೆ ಮಾತಾಡುತ್ತೆ. ಆ ಚಪ್ಪಾಳೆಗೆ ಸ್ಯಾಂಪಲ್ ಯಾಕೆ ಬೇಕು? ನನ್ನ ಕ್ಲಾಸಿನ ಮಕ್ಕಳನ್ನ ಕೂರಿಸಿ ತಟ್ಟಿಸು. ಮಕ್ಕಳಿಗೆ ಲಯವೂ ಬಂತು, ನಿನಗೆ ಅಸಲಿ ಕೈಗಳೂ ಸಿಕ್ಕವು.

ತಮ್ಮ: ಅದು ಆಗ್ತದೆ! ಒಂದೇ ಒಂದು ಪದರ ಅಸಲಿಯಾಗಿದ್ದರೆ ಉಳಿದ ಯಂತ್ರದ ವಾದ್ಯಗಳೂ ಅದರ ಜೊತೆ ಬದುಕ್ತವೆ. ಜಿಲ್ಲು, ತಾಳ, ಚಪ್ಪಾಳೆ ಇಂಥದ್ದನ್ನ ಮೈಕಿನಲ್ಲೇ ಹಿಡಿದರೆ ಸಾಕು.

ಅಕ್ಕ: ಘಟಕ್ಕೂ ಈ ಕಡೆ ಒಂದು ಜೋಡಿ ಇದೆ. ಇಲ್ಲಿಂದ ಸೇತುವೆ ದಾಟಿದರೆ ಬಹರೇನ್. ಅಲ್ಲಿ ಮುತ್ತು ತೆಗೀತಿದ್ದ ಮುಳುಗುಗಾರರ ಹಾಡು ಫಿಜಿರಿ, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಬಂತು. ಅದರಲ್ಲಿ ಜಹ್ಲಾ ಅಂತ ನೀರಿನ ಮಣ್ಣಿನ ಗಡಿಗೆಯನ್ನೇ ಕೈಯಿಂದ ಬಾರಿಸ್ತಾರೆ. ನಮ್ಮ ಘಟವೂ ಮಣ್ಣಿನ ಗಡಿಗೆ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನ ಸುತ್ತ ಇಟ್ಟುಕೊಂಡು ಘಟತರಂಗ ಅಂತ ನುಡಿಸ್ತಾರೆ. ಎರಡು ಕಡಲತೀರದಲ್ಲೂ ಗಡಿಗೆ ತಾಳ ಹಾಕುತ್ತೆ. ನಿನ್ನ ಹಾಡಿನ ಕೊನೇ ಚರಣದಲ್ಲಿ ಘಟ ಒಂದು ಕಡೆ, ಜಹ್ಲಾ ಇನ್ನೊಂದು ಕಡೆ ಸವಾಲ್ ಜವಾಬ್ ಮಾಡಿದರೆ ಅದಕ್ಕೆ ಅರ್ಥ ಇದೆ. ಸುಮ್ಮನೆ ಅರಬ್ಬಿ ಬಣ್ಣ ಬೇಕು ಅಂತ ಲೂಪ್ ಅಂಟಿಸಿದರೆ ಅರ್ಥ ಇಲ್ಲ.

ತಮ್ಮ: ದಫ್ ಕೂಡ ಹಾಗೆಯೇ ಅಲ್ವಾ? ನಜ್ದಿನ ಸಾಮ್ರಿ ಹಾಡಿನಲ್ಲಿ ಎರಡು ಸಾಲು ಎದುರುಬದುರು ಮಂಡಿಯೂರಿ ದಫ್ ಬಾರಿಸ್ತಾರೆ, ಬಾರಿಸ್ತಾ ಮೈ ತೂಗ್ತಾರೆ. ನಮ್ಮ ದಕ್ಷಿಣ ಕನ್ನಡದ ಬ್ಯಾರಿಗಳ ಮದುವೆಯಲ್ಲೂ ದಫ್ ಉಂಟು. ಜುಬೈಲ್‌ನಲ್ಲಿ, ದಮ್ಮಾಮ್‌ನಲ್ಲಿ ಬ್ಯಾರಿ ಗೆಳೆಯರು ಎಷ್ಟೋ ಮಂದಿ. ಅವರನ್ನ ಕೇಳದೆ ನಾನು ಸ್ಯಾಂಪಲ್ ಹುಡುಕ್ತಿದ್ದೆ.

ಅಕ್ಕ: ಕೇಳು. ಇಲ್ಲಿಯವರು ಬಾರಿಸೋ ಮೊದಲು ದಫ್ ಅನ್ನ ಬೆಂಕಿಯ ಹತ್ತಿರ ಹಿಡಿದು ಕಾಯಿಸ್ತಾರೆ, ತೇವ ಆರಿ ಚರ್ಮ ಬಿಗಿಯಲಿ ಅಂತ. ಹಾಡು ಮುಂದುವರಿದ ಹಾಗೆ ಬಿಸಿ ಆರಿ ನಾದ ತುಸು ಇಳಿಯುತ್ತೆ. ಕಂಪ್ಯೂಟರಿನ ದಫ್ ಮೊದಲ ಪೆಟ್ಟಿನಿಂದ ಕೊನೇವರೆಗೆ ಒಂದೇ ಥರ. ನೀನು ಬೇಕಾದರೆ ಐದು ನಿಮಿಷದ ಹಾಡಿನಲ್ಲಿ ಶ್ರುತಿಯನ್ನ ಕಂಡೂ ಕಾಣದಷ್ಟು ಇಳಿಸಿ ನೋಡು. ಚರ್ಮಕ್ಕೆ ಜೀವ ಇತ್ತು ಅನ್ನೋದು ಕೇಳೋರಿಗೆ ತಿಳಿಯುತ್ತೆ.

ತಮ್ಮ: ಅರ್ದಾಗೆ ನಾನು ದೊಡ್ಡ ಸಭಾಂಗಣದ ರಿವರ್ಬ್ ಹಾಕಿದ್ದೇನೆ, ಗಾಂಭೀರ್ಯ ಬರಲಿ ಅಂತ.

ಅಕ್ಕ: ಅರ್ದಾ ಬಯಲಿನ ಕಲೆ. ಬಯಲಲ್ಲಿ ಗೋಡೆಯೇ ಇಲ್ಲ, ಸದ್ದು ಮರಳಿ ಬರೋದು ಎಲ್ಲಿಂದ? ನಿಮ್ಮೂರ ಬಯಲಾಟದಲ್ಲಿ ಕೊಯ್ಲಾದ ಗದ್ದೆಯಿಂದ ಚೆಂಡೆ ಹೇಗೆ ಕೇಳುತ್ತೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನೇರ ಬರುತ್ತೆ, ಚೂಪಾಗಿ ಬರುತ್ತೆ, ದೂರ ಹೋದಷ್ಟೂ ಮೊನಚು ಮಾತ್ರ ಮಾಸುತ್ತೆ. ಹಾಗಾಗಿ ಡೋಲಿಗೆ ರಿವರ್ಬ್ ತೆಗೆ. ದೂರ ಅನಿಸಬೇಕಾದರೆ ಮೇಲಿನ ಕಂಪನಗಳನ್ನ ಸ್ವಲ್ಪ ತಗ್ಗಿಸು. ಮೃದಂಗ, ಘಟಗಳಿಗೆ ಒಂದು ಚಿಕ್ಕ ಕೋಣೆಯ ರಿವರ್ಬ್ ಸಾಕು, ಹಾಡುಗಾರ್ತಿಯೂ ಅದೇ ಕೋಣೆಯಲ್ಲಿರಲಿ.

ತಮ್ಮ: ಬರೆದುಕೊಳ್ತೇನೆ. ಅಕ್ಕಾ, ಒಂದು ಗಂಭೀರ ಪ್ರಶ್ನೆ. ನಾನು ಹೀಗೆ ಎಲ್ಲ ಕಲಿತು ಒಳ್ಳೆಯ ಯಂತ್ರದ ಮೃದಂಗ ಮಾಡಿದೆ ಅಂತಿಟ್ಟುಕೊಳ್ಳಿ. ಊರಿನಲ್ಲಿ ಬಾರಿಸಿ ಬದುಕುವವರ ಕೆಲಸ ನಾನು ಕಸಿದ ಹಾಗೆ ಆಗುವುದಿಲ್ವಾ?

ಅಕ್ಕ: ಆಗಬಹುದು. ಅದಕ್ಕೇ ಒಂದು ನಿಯಮ ಇಟ್ಕೋ. ಹಾಡು ಕಟ್ಟೋ ಹಂತದಲ್ಲಿ ಯಂತ್ರ ಬಳಸು. ಎಲ್ಲಿ ಮೃದಂಗ ಬೇಕು, ಎಲ್ಲಿ ಮೌನ ಬೇಕು ಅಂತ ಗೊತ್ತು ಮಾಡಿಕೋ. ಹಾಡಿಗೆ ಸ್ವಲ್ಪ ಹಣ ಇದ್ದರೆ ಆ ನಕ್ಷೆಯನ್ನ ಮೈಸೂರಿನಲ್ಲೋ ಉಡುಪಿಯಲ್ಲೋ ಇರೋ ಮೃದಂಗದವರಿಗೆ ಕಳಿಸು, ಸಂಭಾವನೆ ಮೊದಲೇ ಮಾತಾಡು. ನಮಗೂ ಊರಿಗೂ ಎರಡೂವರೆ ಗಂಟೆ ವ್ಯತ್ಯಾಸ. ನೀನು ರಾತ್ರಿ ಕಳಿಸಿದ್ದು ಅವರ ಬೆಳಿಗ್ಗೆಗೆ ಸಿಗುತ್ತೆ.

ತಮ್ಮ: ಅದು ತಾಂತ್ರಿಕವಾಗಿ ಸುಲಭ. ಹಾಡು, ಎಣಿಕೆಯ ಕ್ಲಿಕ್ಕು, ಶುರುವಿಗೆ ಒಂದು ಆವರ್ತ ಖಾಲಿ ಎಣಿಕೆ, 48 ಸಾವಿರ ದರ, 24 ಬಿಟ್ ವೇವ್ ಫೈಲು. ಒಂದು ಎಚ್ಚರ ಬೇಕು: ಊರಿನ ವಿದ್ಯುತ್ತು 50 ಹರ್ಟ್ಸ್, ಇಲ್ಲಿಯದ್ದು 60. ಅವರ ಫೈಲಿನಲ್ಲಿ ಗುಂಯ್ ಅನ್ನುವ ಸದ್ದಿದ್ದರೆ 50ರಲ್ಲಿ, 100ರಲ್ಲಿ ಹುಡುಕಬೇಕು. ನನ್ನ ಮನೆಯ ಎಸಿಯದ್ದಾದರೆ 60ರಲ್ಲಿ, 120ರಲ್ಲಿ. ಒಂದೇ ಫಿಲ್ಟರನ್ನ ಎರಡಕ್ಕೂ ಹಾಕಿದರೆ ಹೋಗುವುದಿಲ್ಲ.

ಅಕ್ಕ: ನೋಡು, ಇಂಥದ್ದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಮಾತು. ಹಾಡು ಹಂಚುವಾಗ ಹೆಸರು ಹಾಕೋ ಕಡೆ ‘ಮೃದಂಗ’ ಅಂತ ಸುಮ್ಮನೆ ಬರೀಬೇಡ. ಬಾರಿಸಿದವರಿದ್ದರೆ ಅವರ ಹೆಸರು, ಯಂತ್ರದ್ದಾದರೆ ಯಾವ ಲೈಬ್ರರಿ, ಜೋಡಿಸಿದವರು ಯಾರು ಅಂತ ಬರಿ. ಕೇಳೋರಿಗೆ ನಿಜ ಗೊತ್ತಿರಲಿ.

ತಮ್ಮ: ಬರೀತೇನೆ. ಆದರೆ ನನಗೆ ಎಲ್ಲಕ್ಕಿಂತ ಬೇಜಾರಿನ ವಿಷಯ ಚೆಂಡೆ. ಯಕ್ಷಗಾನದ ಚೆಂಡೆ, ಮದ್ದಳೆ ಬೇಕು ಅಂತ ಹುಡುಕಿದೆ. ತಬಲಕ್ಕೆ, ಅರಬ್ಬಿ ದರ್ಬುಕಾಗೆ ಎಷ್ಟೊಂದು ಉಂಟು. ಬಡಗುತಿಟ್ಟಿನ ಚೆಂಡೆಯನ್ನ ಪೆಟ್ಟು ಪೆಟ್ಟಾಗಿ, ಪದರ ಪದರವಾಗಿ ಮುದ್ರಿಸಿದ್ದು ನನ್ನ ಕೈಗೆ ಒಂದೂ ಸಿಗಲಿಲ್ಲ.

ಅಕ್ಕ: ಯಾರೂ ಮಾಡದಿದ್ದರೆ ನೀನು ಮಾಡು. ರಜೆಗೆ ಊರಿಗೆ ಹೋಗ್ತೀಯಲ್ಲ. ಅಭ್ಯಾಸ ಗಟ್ಟಿ ಇರೋ ಒಬ್ಬ ಚೆಂಡೆಯವರನ್ನ ಕೇಳು. ನುಡಿಸಿದ್ದಕ್ಕೆ ಹಣ ಕೊಡು, ಆ ಸದ್ದನ್ನ ಯಾವುದಕ್ಕೆ ಬಳಸ್ತೀಯಾ ಅಂತ ಬರೆದು ಒಪ್ಪಿಗೆ ತಗೋ.

ತಮ್ಮ: ಲೆಕ್ಕ ಹಾಕುವ. ಮುಖ್ಯವಾದ ಆರು ಬಗೆಯ ಪೆಟ್ಟು. ಪ್ರತಿಯೊಂದನ್ನೂ ನಾಲ್ಕು ಬಲದಲ್ಲಿ. ಪ್ರತಿ ಬಲಕ್ಕೆ ಐದು ಸಲ. 120 ಧ್ವನಿ ಆಯ್ತು. ಪ್ರತಿಯೊಂದಕ್ಕೂ ನಾದ ಪೂರ್ತಿ ಆರುವವರೆಗೆ ಕಾದರೂ ಒಂದು ಬೆಳಗಿನ ಕೆಲಸ. ಉಚಿತವಾಗಿ ಸಿಗುವ ಡಿಸೆಂಟ್ ಸ್ಯಾಂಪ್ಲರಿಗೋ ರೀಪರಿನ ಒಳಗೇ ಇರುವ ಸ್ಯಾಂಪ್ಲರಿಗೋ ಜೋಡಿಸಿದರೆ ಯಾರು ಬೇಕಾದರೂ ಬಳಸಬಹುದು.

ಅಕ್ಕ: ಬಿಡಿ ಪೆಟ್ಟು ಮುಗಿದ ಮೇಲೆ ನಿಲ್ಲಿಸಬೇಡ. ಅದೇ ಕಲಾವಿದರಿಂದ ಪ್ರತಿ ತಾಳದ ಬಾಯಿತಾಳ ಹೇಳಿಸಿ ಮುದ್ರಿಸು, ಆಮೇಲೆ ಅದನ್ನೇ ನುಡಿಸಿ ತೋರಿಸಲಿ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಎಲ್ಲ. ಪೆಟ್ಟು ಕೊಟ್ಟು ನಡೆ ಕೊಡದಿದ್ದರೆ ನಾಳೆ ಅದನ್ನ ತಗೊಂಡವರು ನಾಲ್ಕರ ಗ್ರಿಡ್ಡಿಗೇ ಹಾಕ್ತಾರೆ. ಶ್ರುತಿ ಯಾವುದು, ಮುಚ್ಚಿಗೆ ಎಷ್ಟು ಹಳತು, ಯಾವ ತಿಂಗಳಲ್ಲಿ ಮುದ್ರಿಸಿದ್ದು ಅಂತಲೂ ಬರೆದಿಡು. ಮಳೆಗಾಲದ ಚೆಂಡೆ ಬೇರೆ, ಬೇಸಿಗೆಯದು ಬೇರೆ.

ತಮ್ಮ: ಖರ್ಚನ್ನ ನಮ್ಮ ಗೆಳೆಯರ ಬಳಗದ ಮುಂದೆ ಇಡ್ತೇನೆ. ವರ್ಷಾವರ್ಷ ವೇದಿಕೆಗೆ, ಊಟಕ್ಕೆ, ಫಲಕಕ್ಕೆ ದುಡ್ಡು ಹಾಕ್ತೇವೆ. ಚೆಂಡೆ, ಮದ್ದಳೆ, ಬ್ಯಾರಿ ದಫ್, ಮೂರನ್ನೂ ಹೀಗೆ ಮುದ್ರಿಸಿ ಎಲ್ಲ ಕನ್ನಡಿಗರಿಗೂ ಸಿಗುವ ಹಾಗೆ ಇಟ್ಟರೆ, ದಮ್ಮಾಮ್‌ನಲ್ಲಿ ಹುಟ್ಟಿದ ಮಗುವೂ ತನ್ನ ಹಾಡಿಗೆ ತನ್ನೂರಿನ ತಾಳ ಹಾಕಬಹುದು.

ಅಕ್ಕ: ಇಡು. ಸೌದಿಯವರೂ ಈಗ ಅದನ್ನೇ ಮಾಡ್ತಿದಾರೆ. 2020ರಲ್ಲಿ ಸಂಸ್ಕೃತಿ ಸಚಿವಾಲಯದ ಕೆಳಗೆ ಸಂಗೀತಕ್ಕೆ ಅಂತಲೇ ಒಂದು ಆಯೋಗ ಕಟ್ಟಿದರು. ತಮ್ಮ ನೆಲದ ಲಯಗಳು ಉಳೀಬೇಕು ಅನ್ನೋ ಕಾಳಜಿ ಅವರಿಗಿದೆ. ಅವರ ನೆಲದಲ್ಲಿ ದುಡೀತಾ ನಮ್ಮ ಲಯದ ಮೇಲೆ ಅಷ್ಟೇ ಕಾಳಜಿ ನಮಗೂ ಇರಬೇಕು. ಈಗ ಲ್ಯಾಪ್‌ಟಾಪ್ ತೆಗಿ. ಎರಡನೇ ಚರಣ ಹಾಕು, ಗ್ರಿಡ್ಡನ್ನ ಐದಕ್ಕೆ ಮಾಡು. ಮೌಸ್ ಮುಟ್ಟೋ ಮೊದಲು ‘ತಕತಕಿಟ’ ಹದಿನಾರು ಸಲ ಬಾಯಲ್ಲಿ ಹೇಳು, ನಾನು ತಾಳ ಹಾಕ್ತೀನಿ.